ರೋಬೋಗೆ ಪಾಲಿಕಾರ್ಬೊನೇಟ್ ಶೀಟ್: ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಸ್ಪರ್ಧೆಗೆ ರೋಬೋ ಕಟ್ಟುವವರು ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಶೀಟ್ ತಗೊಳ್ಳಬಹುದಾ? ಧಾರಾಳವಾಗಿ. ಆದರೆ ಎಲ್ಲ ಕಡೆಗೂ ಅಲ್ಲ. ಹೊರಗೆ ಚಾಚಿಕೊಂಡು ಚೆಂಡು ಎಳೆದುಕೊಳ್ಳುವ ಇಂಟೇಕ್‌ನ ಪಕ್ಕದ ಪ್ಲೇಟುಗಳಿಗೆ ಇದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ. ಎದುರಾಳಿ ಬಂದು ಗುದ್ದಿದರೆ ತೆಳು ಅಲ್ಯೂಮಿನಿಯಂ ಸೊಟ್ಟಗಾಗಿ ಹಾಗೇ ಉಳಿಯುತ್ತದೆ, ಅಕ್ರಿಲಿಕ್ ಚೂರುಚೂರಾಗುತ್ತದೆ, ಇದು ಮಾತ್ರ ಬಗ್ಗಿ ವಾಪಸ್ ತನ್ನ ಜಾಗಕ್ಕೆ ಬರುತ್ತದೆ. ತೂಕವೂ ಅದೇ ಅಳತೆಯ ಅಲ್ಯೂಮಿನಿಯಂನ ಅರ್ಧಕ್ಕಿಂತ ಕಡಿಮೆ. ಇಂಟೇಕ್‌ಗೆ 6 ಮಿ.ಮೀ. ದಪ್ಪದ್ದು ಸಾಕು.

ಬಗ್ಗುವ ಈ ಗುಣವೇ ಗೇರುಗಳ ಶಾಫ್ಟ್ ಹಿಡಿದಿಡುವ ಗೇರ್‌ಬಾಕ್ಸ್ ಪ್ಲೇಟಿನಲ್ಲಿ ತಲೆನೋವು. ಲೋಡ್ ಬಿದ್ದಾಗ ಶಾಫ್ಟ್‌ಗಳ ನಡುವಿನ ಅಂತರ ಜಾಸ್ತಿಯಾಗಿ ಗೇರಿನ ಹಲ್ಲು ಜಾರುತ್ತದೆ. ಅಲ್ಲಿ ಅಲ್ಯೂಮಿನಿಯಮ್ಮೇ ಸರಿ.

ದೊಡ್ಡ ಕಿರಿಕಿರಿ ಇರುವುದು ಬೋಲ್ಟ್ ಹತ್ತಿರ. ಬೋಲ್ಟ್ ಸಡಿಲವಾಗದಿರಲಿ ಅಂತ ಹಾಕುವ ಕೆಂಪು, ನೀಲಿ ಥ್ರೆಡ್‌ಲಾಕರ್ ಅಂಟು ಪಾಲಿಕಾರ್ಬೊನೇಟ್‌ಗೆ ತಾಗಲೇಬಾರದು. ತಾಗಿದರೆ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಏಳುತ್ತದೆ, ಆಮೇಲೆ ಮ್ಯಾಚ್‌ನಲ್ಲಿ ಒಂದೇ ಹೊಡೆತಕ್ಕೆ ಪ್ಲೇಟು ಕಿತ್ತು ಬರುತ್ತದೆ. ಅದರ ಬದಲು ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ, ಸುಲಭಕ್ಕೆ ಸಡಿಲವಾಗದ ನಟ್) ಜೊತೆ ಅಗಲದ ವಾಷರ್ ಹಾಕಿ. ಶೀಟನ್ನು ಅಸಿಟೋನ್‌ನಲ್ಲಿ ಒರೆಸಲೂ ಬೇಡಿ, ಅದೂ ಹಾಗೇ ಹಾಳು ಮಾಡುತ್ತದೆ.

ಸುಮ್ನೆ ಲೇಸರ್ ಕಟಿಂಗ್‌ಗೆ ಕೊಡಬೇಡಿ, ಅಂಚು ಕಪ್ಪಾಗಿ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಕತ್ತರಿಸಲು ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಇದ್ದರೆ ಚೆನ್ನ, ಇಲ್ಲದಿದ್ದರೆ ಕೈಯಲ್ಲಿ ಹಿಡಿಯುವ ಜಿಗ್‌ಸಾ ಗರಗಸ. ಅಂಗಡಿಯಲ್ಲಿ ಸಾಲಿಡ್ ಶೀಟ್ ಅಂತಲೇ ಕೇಳಿ, ಛಾವಣಿಗೆ ಹಾಕುವ ಟೊಳ್ಳು ಶೀಟೂ ಇದೇ ಹೆಸರಲ್ಲಿ ಸಿಗುತ್ತದಲ್ವಾ. ಗೀರು ಬೇಗ ಬೀಳುತ್ತದೆ, ಹಾಗಾಗಿ ಮೇಲೆ ಅಂಟಿಸಿರುವ ಹಾಳೆಯನ್ನು ಕೆಲಸ ಮುಗಿಯುವವರೆಗೂ ಕೀಳಬೇಡಿ.