ಬೆಂಕಿಪೊಟ್ಟಣದ ಲೇಬಲ್ ಬಿಡಿಸಲು ನೀರೋ, ತೇವವೋ, ಲೇಪವೋ?

ಹಳೆಯ ನೋಟ್‌ಬುಕ್ಕುಗಳಲ್ಲಿ ಅಂಟಿಸಿಟ್ಟ ಬೆಂಕಿಪೊಟ್ಟಣದ ಲೇಬಲ್‌ಗಳನ್ನು ಹರಿಯದಂತೆ ಬಿಡಿಸುವ ವಿಧಾನಗಳಲ್ಲಿ ಯಾವುದು ಮೇಲು ಎಂಬುದು ಲೇಬಲ್‌ಗಿಂತ ಹೆಚ್ಚಾಗಿ ಅದರ ಹಿಂದಿರುವ ಅಂಟನ್ನು ಅವಲಂಬಿಸಿದೆ. ನನ್ನ ಬಳಿಯ ಪುಸ್ತಕಗಳಲ್ಲಿ ಬಹುಪಾಲು ಮನೆಯಲ್ಲೇ ಕುದಿಸಿದ ಮೈದಾ ಅಂಟಿನವು. ಹುಳು ಹಿಡಿಯದಿರಲೆಂದು ಬೆರೆಸುತ್ತಿದ್ದ ಮೈಲುತುತ್ತದ ತಿಳಿಹಸಿರು ಕೆಲವು ಪುಟಗಳಲ್ಲಿ ಇನ್ನೂ ಉಳಿದಿದೆ. ಉಳಿದವುಗಳಲ್ಲಿ ಗೋಂದು ಮತ್ತು ಫೆವಿಕಾಲ್ ಇವೆ.

ನೀರಿನಲ್ಲಿ ನೆನೆಸುವುದು ಎಲ್ಲಕ್ಕಿಂತ ವೇಗದ ದಾರಿ. ಹಾಳೆಯನ್ನು ಉಗುರುಬೆಚ್ಚಗಿನ ನೀರಿನ ತಟ್ಟೆಗೆ ಇಳಿಸಿದರೆ ಮೈದಾ ಅಂಟೂ ಗೋಂದೂ ಸಡಿಲಗೊಂಡು ಲೇಬಲ್ ತಾನಾಗಿ ಜಾರಿಬರುತ್ತದೆ. ಕಲ್ಲಚ್ಚಿನ ಎಣ್ಣೆಮಸಿಯಲ್ಲಿ ಮುದ್ರಿತವಾದ ಹಳೆಯ ಸ್ವೀಡನ್, ಜಪಾನ್ ಲೇಬಲ್‌ಗಳು ಇದನ್ನು ಚೆನ್ನಾಗಿ ತಾಳಿಕೊಂಡವು. ಆದರೆ ಶಿವಕಾಶಿಯ ಅಗ್ಗದ ಲೇಬಲ್‌ಗಳಲ್ಲಿ ಕೆಲವು ಕೆಂಪು ಮತ್ತು ನೇರಳೆ ಬಣ್ಣಗಳು ಹರಿಯುತ್ತವೆ. ಪಕ್ಕದಲ್ಲಿ ಫೌಂಟನ್ ಪೆನ್ನಿನಿಂದ ಬರೆದ ಊರಿನ ಹೆಸರಂತೂ ಉಳಿಯುವುದೇ ಇಲ್ಲ. ಆದ್ದರಿಂದ ಒದ್ದೆ ಹತ್ತಿಯನ್ನು ಮೊದಲು ಒಂದು ಮೂಲೆಗೆ ಒತ್ತಿ ನೋಡಬೇಕು. ಹತ್ತಿಗೆ ಬಣ್ಣ ಹತ್ತಿದರೆ ತಟ್ಟೆಯ ಯೋಚನೆಯನ್ನೇ ಬಿಡಬೇಕು.

ನಾನು ಹೆಚ್ಚು ನೆಚ್ಚಿಕೊಂಡಿರುವುದು ತೇವದ ವಿಧಾನವನ್ನು. ನೀರಿನಲ್ಲಿ ಅದ್ದಿ ಹಿಂಡಿದ ಬ್ಲಾಟಿಂಗ್ ಪೇಪರನ್ನು ಪುಟದ ಬೆನ್ನಿಗೆ ಇಟ್ಟು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿಸಿದರೆ, ತೇವ ಹಿಂದಿನಿಂದ ನಿಧಾನವಾಗಿ ಏರಿ ಅಂಟನ್ನು ಮುಟ್ಟುತ್ತದೆ, ಮಸಿಯಿರುವ ಮುಖ ಮಾತ್ರ ಹೆಚ್ಚು ನೆನೆಯುವುದಿಲ್ಲ. ಕೆಲವು ಗಂಟೆಗಳ ನಂತರ ತೆಳುವಾದ ಬಿದಿರಿನ ಸೀಳನ್ನು ಅಂಚಿನಡಿ ತೂರಿಸಿದರೆ ಅಂಟು ಮೃದುವಾದ ಕೆನೆಯಂತೆ ಬಿಡುತ್ತದೆ. ಬಲ ಹಾಕಬೇಕಾಗಿ ಬಂದರೆ ಇನ್ನೂ ಹೊತ್ತಾಗಿಲ್ಲವೆಂದೇ ಅರ್ಥ. ಮಳೆಗಾಲದಲ್ಲಿ ಡಬ್ಬಿಯನ್ನು ಮರೆತರೆ ಬೂಷ್ಟು ಖಚಿತ.

ಫೆವಿಕಾಲ್ ಎದುರು ಇವೆರಡೂ ಸೋಲುತ್ತವೆ, ಏಕೆಂದರೆ ಒಣಗಿದ ಈ ಅಂಟು ಮತ್ತೆ ಕರಗದೆ ಉಬ್ಬಿ ಬೆಳ್ಳಗಾಗುತ್ತದೆ ಅಷ್ಟೇ. ಅಲ್ಲಿ ಮೊದಲು ಪುಟದ ಕಾಗದವನ್ನು ಹಿಂದಿನಿಂದ ಪದರಪದರವಾಗಿ ಸುಲಿದು, ಮಿಥೈಲ್ ಸೆಲ್ಯುಲೋಸಿನ (ನೀರಿನಲ್ಲಿ ಕಲಸಿದರೆ ಲೋಳೆಯಾಗುವ ಪುಡಿ) ಗಟ್ಟಿ ಲೇಪವನ್ನು ಹಚ್ಚಿ, ಉಬ್ಬಿದ ಅಂಟನ್ನು ಬೆರಳತುದಿಯಿಂದ ಉರುಳಿಸಿ ತೆಗೆಯಬೇಕಾಗುತ್ತದೆ. ಇದು ಬೇಸರದ ಕೆಲಸ. ಸಾಮಾನ್ಯ ಲೇಬಲ್ಲಿಗೆ ಇಷ್ಟು ಶ್ರಮ ತಕ್ಕುದಲ್ಲ.

ಫ್ರೀಜರಿನಲ್ಲಿಡುವ ಸಲಹೆಯನ್ನೂ ಪರೀಕ್ಷಿಸಿದೆ. ಮೈದಾ ಅಂಟಿಗೆ ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಕೆಟಲ್ಲಿನ ಹಬೆ ಅಂಟನ್ನು ಬಿಡಿಸುತ್ತದೆಯಾದರೂ ತೇವದ ಮೇಲೆ ಹಿಡಿತವಿರುವುದಿಲ್ಲ, ಕಾಗದ ಸುಕ್ಕಾಗುತ್ತದೆ.

ಯಾವ ವಿಧಾನವಾದರೂ ಬಿಡಿಸುವ ಮೊದಲು ಇಡೀ ಪುಟದ ಫೋಟೋ ತೆಗೆದುಕೊಳ್ಳುವುದು ಒಳ್ಳೆಯದು, ಬಿಡಿಸಿದ ಮೇಲೆ ಒಣ ಬ್ಲಾಟಿಂಗ್ ಪೇಪರುಗಳ ನಡುವೆ ಭಾರವಿಟ್ಟು ಒಣಗಿಸಬೇಕು. ಪುಟದ ಎರಡೂ ಬದಿಗೆ ಲೇಬಲ್‌ಗಳಿದ್ದು ಒಂದು ಬದಿಯ ಬಣ್ಣ ಹರಿಯುವಂಥದ್ದಾಗಿದ್ದರೆ, ಆ ಪುಟವನ್ನು ನಾನು ಬಿಡಿಸದೆ ಪುಸ್ತಕದಲ್ಲೇ ಉಳಿಸಿಕೊಳ್ಳುತ್ತೇನೆ.