ವಿಜ್ಞಾನ ಪದಗಳ ಕಾರ್ಡ್ ಡಬ್ಬಿ: ತಗೊಳ್ಳಿ, ಆದರೆ ಹೆಲಿಕಾಪ್ಟರ್ ಕಾರ್ಡು ತಿದ್ದಿಕೊಳ್ಳಿ

9ನೇ ಕ್ಲಾಸಿನ ಮಗಳಿಗೆ ಅಂತ ತರಿಸಿದ ಡಬ್ಬಿ ಇದು. 450 ರೂಪಾಯಿ, 100 ಕಾರ್ಡು. ಮುಂದೆ ಒಂದು ವಿಜ್ಞಾನದ ಪದ, ಹಿಂದೆ ಅದರ ಗ್ರೀಕ್ ಅಥವಾ ಲ್ಯಾಟಿನ್ ಮೂಲ, ಅಷ್ಟೇ. ಹದಿನೈದು ದಿನದಿಂದ ರಾತ್ರಿ ಊಟ ಆದ ಮೇಲೆ ಆಡ್ತಾ ಇದ್ದೇವೆ.

ಮಗಳಿಗೆ ತುಂಬಾ ಹಿಡಿಸಿದ್ದು 'ಮಸಲ್' (ಸ್ನಾಯು) ಕಾರ್ಡು. ಲ್ಯಾಟಿನ್‌ನಲ್ಲಿ 'ಮೂಸ್' ಅಂದರೆ ಇಲಿ, 'ಮೂಸ್ಕುಲುಸ್' ಅಂದರೆ ಪುಟಾಣಿ ಇಲಿ. ನಮ್ಮ ಗಣಪನ ಮೂಷಿಕನಿಗೂ ಈ 'ಮೂಸ್'ಗೂ ನೆಂಟಸ್ತಿಕೆ ಇದೆ. ಅವಳು ತಕ್ಷಣ ತೋಳು ಮಡಚಿ, ಬಿಗಿ ಮಾಡಿ, ಸಡಿಲ ಬಿಟ್ಟು, "ಅಮ್ಮಾ ನೋಡು, ಚರ್ಮದ ಕೆಳಗೆ ಇಲಿ ಓಡ್ತಿದೆ" ಅಂದಳು. ಇನ್ನು ಆ ಪದ ಮರೆಯೋದುಂಟಾ!

ಬೇಜಾರಾಗಿದ್ದು 'ಆಕ್ಸಿಜನ್' ಕಾರ್ಡು ನೋಡಿ. 'ಆಕ್ಸಿಸ್' ಅಂದರೆ ಹುಳಿ, 'ಗೆನೆಸ್' ಅಂದರೆ ಹುಟ್ಟಿಸುವುದು ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ನಿಜವಾದ ಕಥೆ ಇರೋದೇ ಆಮೇಲೆ. 1777ರಲ್ಲಿ ಈ ಹೆಸರಿಟ್ಟ ಫ್ರೆಂಚ್ ವಿಜ್ಞಾನಿ ಲವಾಸಿಯೆ, ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತೆ ಅಂದುಕೊಂಡಿದ್ದ. ಬಾತ್‌ರೂಮ್ ತೊಳೆಯೋ ಆಸಿಡ್ ಇದೆಯಲ್ಲ, ಆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ ಅಂತ 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ತೋರಿಸಿಕೊಟ್ಟ. ಅಷ್ಟರಲ್ಲಿ ಹೆಸರು ಅಂಟಿಕೊಂಡಾಗಿತ್ತು. ನಾವು ಅದನ್ನೇ ಪದಕ್ಕೆ ಪದ ಇಳಿಸಿ 'ಆಮ್ಲಜನಕ' ಅಂದ್ವಿ, ಹಾಗಾಗಿ ಆ ತಪ್ಪು ನಮ್ಮ ಪಠ್ಯಪುಸ್ತಕದಲ್ಲೂ ಹಾಯಾಗಿ ಕೂತಿದೆ. "ಹಾಗಾದ್ರೆ ಜಲಜನಕ?" ಅಂದಳು ಮಗಳು. ಅದು ಸರಿಯಾಗೇ ಇದೆ, ಉರಿದರೆ ನೀರಾಗುತ್ತಲ್ವಾ. ಇಷ್ಟನ್ನು ಎರಡು ಸಾಲಲ್ಲಿ ಹಾಕೋಕೆ ಕಾರ್ಡಿನಲ್ಲಿ ಜಾಗ ಬೇಕಾದಷ್ಟಿತ್ತು, ಸುಮ್ನೆ ಮೂಲೆಯಲ್ಲೊಂದು ಗುಳ್ಳೆ ಚಿತ್ರ ಬಿಡಿಸಿದ್ದಾರೆ.

ಹೆಲಿಕಾಪ್ಟರ್ ಅಂತೂ ಪೂರ್ತಿ ತಪ್ಪು. 'ಹೆಲಿ' ಬೇರೆ, 'ಕಾಪ್ಟರ್' ಬೇರೆ ಅಂತ ಕತ್ತರಿಸಿದ್ದಾರೆ. ಕತ್ತರಿಸಬೇಕಿದ್ದು 'ಹೆಲಿಕೋ' ಮತ್ತು 'ಪ್ಟೆರಾನ್' ಅಂತ, ಅಂದರೆ ಸುರುಳಿ ಮತ್ತು ರೆಕ್ಕೆ. ಅದೇ ಡಬ್ಬಿಯ 'ಟೆರೋಡಾಕ್ಟೈಲ್' (ಡೈನೋಸಾರ್ ಕಾಲದ ಹಾರುವ ಸರೀಸೃಪ) ಕಾರ್ಡಿನಲ್ಲಿ ಅದೇ ರೆಕ್ಕೆಯನ್ನು ಸರಿಯಾಗಿ ಬರೆದಿದ್ದಾರೆ! ಮೇಲ್ ಹಾಕಿದೆ, ಉತ್ತರ ಬರಲಿಲ್ಲ.

ಕಾರ್ಡು ಗಟ್ಟಿಯಾಗಿದೆ, ಸಾರು ಚೆಲ್ಲಿದರೂ ಒರೆಸಿದರೆ ಹೋಗುತ್ತೆ. ಡಬ್ಬಿಯ ಮುಚ್ಚಳ ಮಾತ್ರ ಮೂರನೇ ದಿನಕ್ಕೇ ಕಿತ್ತು ಬಂತು, ಈಗ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇವೆ. ಐದಕ್ಕೆ ಮೂರೂವರೆ.