ಹಳೇ ಟ್ರ್ಯಾಕ್ಟರಿಗೆ ಕಂಪ್ರೆಷನ್ ಕಮ್ಮಿ: ಗೇಜೋ, ಗಾಳಿಯೋ?

ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಬಿಳಿ ಹೊಗೆ ಉಗುಳಿ ಸುಮ್ಮನಾಗುವ ಹಳೇ ಡೀಸೆಲ್ ಟ್ರ್ಯಾಕ್ಟರಿಗೆ ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಬಿಡುವು) ನೋಡಿ. ಅದು ಸರಿಯಿದ್ದರೆ, ಕಂಪ್ರೆಷನ್ (ಪಿಸ್ಟನ್ ಸಿಲಿಂಡರಿನೊಳಗೆ ಗಾಳಿ ಅದುಮಿದಾಗಿನ ಒತ್ತಡ) ಕಮ್ಮಿಯೇ ಎಂದು ನೋಡಲು ಎರಡು ದಾರಿ.

ಇಂಜೆಕ್ಟರ್ ಬಿಚ್ಚಿ, ಆ ಜಾಗಕ್ಕೆ ಕಂಪ್ರೆಷನ್ ಗೇಜ್ ಕೂರಿಸಿ ಸೆಲ್ಫ್ ಹೊಡೆಯುವುದು ಒಂದು. ಬೇಗ ಮುಗಿಯುತ್ತದೆ. ಯಾವ ಸಿಲಿಂಡರ್ ಸೋತಿದೆ ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಬ್ಯಾಟರಿ ಸೊರಗಿದ್ದರಂತೂ ಎಲ್ಲವೂ ಸೋತಂತೆಯೇ ಕಾಣುತ್ತದೆ. ಪೆಟ್ರೋಲ್ ಗಾಡಿಯ ಗೇಜ್ ಇಲ್ಲಿ ನಡೆಯದು; ಡೀಸೆಲ್‌ನಲ್ಲಿ ಒತ್ತಡ 400 ಪಿಎಸ್‌ಐ ಆಸುಪಾಸು.

ಇನ್ನೊಂದು, ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ತುದಿಗೆ (ಎರಡೂ ವಾಲ್ವ್ ಮುಚ್ಚಿರುವಾಗ) ತಂದು, ಇಂಜೆಕ್ಟರ್ ಜಾಗದಿಂದ ಕಂಪ್ರೆಸರ್ ಗಾಳಿ ಬಿಟ್ಟು, ಅದು ಎಲ್ಲಿ ಸೋರುತ್ತದೆಂದು ಕಿವಿಗೊಡುವುದು. ಸೈಲೆನ್ಸರಿನಲ್ಲಿ ಬುಸ್ ಎಂದರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರಿನಲ್ಲಾದರೆ ಇನ್‌ಲೆಟ್, ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗು-ಲೈನರು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್, ಇಲ್ಲವೇ ಹೆಡ್ಡೇ ಬಿರುಕು. (ಗಾಳಿಗೆ ಎಂಜಿನ್ ತಟ್ಟನೆ ತಿರುಗಬಹುದು, ಫ್ಯಾನಿನ ಹತ್ತಿರ ಕೈ ಬೇಡ.)

ರಿಂಗು ಸವೆದಿದೆಯೇ ಎಂದು ತಿಳಿಯಲು ಸಿಲಿಂಡರಿಗೆ ಆಯಿಲ್ ಹಾಕಿ ಮತ್ತೆ ಗೇಜ್ ನೋಡುವ ಪೆಟ್ರೋಲ್ ಎಂಜಿನ್ನಿನ ಉಪಾಯ ಡೀಸೆಲ್‌ಗೆ ನನಗೆ ಒಪ್ಪಿಗೆಯಿಲ್ಲ. ಒಳಗಿನ ಜಾಗ ಕಿರಿದು; ಆಯಿಲ್ ಹೆಚ್ಚಾದರೆ ಕನೆಕ್ಟಿಂಗ್ ರಾಡೇ ಬಾಗೀತು.

ಮೆಕ್ಯಾನಿಕ್ಕು "ಎಂಜಿನ್ ಇಳಿಸೋಣ" ಅಂದರೆ, ಮೊದಲು ಗಾಳಿ ಬಿಟ್ಟು ತೋರಿಸು ಅನ್ನಿ. ವಾಲ್ವ್ ಸೋರಿಕೆಯಾದರೆ ಹೆಡ್ ಒಂದನ್ನೇ ಬಿಚ್ಚಿದರೆ ಸಾಕು.